ತಾತ ಓದಿದ್ದು ಯಾವ ಸೇಂಟ್ ಜೋಸೆಫ್?

ಹಳೇ ಬೆಂಗಳೂರಿನ ಶಾಲೆಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಿಷನ್ ಶಾಲೆಗಳ ಮೇಲೇ. ನಾನು ಅಂಥದ್ದೇ ಒಂದು ಗಂಡುಮಕ್ಕಳ ಕ್ಯಾಥೊಲಿಕ್ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅದು ಗೊತ್ತಿದ್ದೇ ಸಂಪಾದಕರು ಇಡೀ ಕಟ್ಟನ್ನು ನನ್ನ ಮನೆಗೆ ಕಳಿಸಿದ್ದಾರೆ. ಎಲ್ಲಕ್ಕೂ ಉತ್ತರಿಸಲು ಜಾಗ ಇಲ್ಲ. ಆರಿಸಿಕೊಂಡಿದ್ದೇನೆ.

ನಮ್ಮ ತಾತ 1930ರ ದಶಕದಲ್ಲಿ ಸೇಂಟ್ ಜೋಸೆಫ್‌ನಲ್ಲಿ ಓದಿದವರು ಅಂತ ಮನೆಯಲ್ಲಿ ಹೇಳುತ್ತಾರೆ. ಕಾಟನ್‌ಪೇಟೆಯಿಂದ ನಡೆದುಕೊಂಡೇ ಹೋಗುತ್ತಿದ್ದರಂತೆ. ಈಗ ನೋಡಿದರೆ ಮ್ಯೂಸಿಯಂ ರಸ್ತೆಯಲ್ಲೊಂದು, ವಿಠ್ಠಲ್ ಮಲ್ಯ ರಸ್ತೆಯಲ್ಲೊಂದು ಸೇಂಟ್ ಜೋಸೆಫ್ ಇದೆ. ಅವರು ಓದಿದ್ದು ಯಾವುದರಲ್ಲಿ? ಒಂದೇ ಹೆಸರಿನ ಎರಡು ಶಾಲೆ ಯಾಕೆ?
— ಓದುಗರೊಬ್ಬರು, ಬಸವೇಶ್ವರನಗರ

ಹೆಚ್ಚೂ ಕಮ್ಮಿ ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್ ಇರಬೇಕು. ಅಂದರೆ ವಿಠ್ಠಲ್ ಮಲ್ಯ ರಸ್ತೆಯದು. ಆ ರಸ್ತೆಗೆ ಹಿಂದೆ ಗ್ರ್ಯಾಂಟ್ ರಸ್ತೆ ಅಂತಿದ್ದರು. ಕಾಟನ್‌ಪೇಟೆಯ ಹುಡುಗ ಅಂದಮೇಲೆ ಇಷ್ಟನ್ನು ಹೇಳೋಕೆ ರಿಜಿಸ್ಟರ್ ನೋಡಬೇಕಾಗಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂತು. ಹಲಸೂರಿನ ಕಡೆ ದಂಡು, ಅಂದರೆ ಕಂಟೋನ್ಮೆಂಟ್, ಹುಟ್ಟಿಕೊಂಡಿತು. ಕೆಂಪೇಗೌಡರ ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. ದಂಡಿನ ಗೋರಾ ಸಿಪಾಯಿಗಳೆಲ್ಲ ಇಂಗ್ಲಿಷರು ಅಂದುಕೊಳ್ಳಬೇಡಿ. ಐರ್‌ಲೆಂಡಿನ ಕ್ಯಾಥೊಲಿಕರು ಬೇಕಾದಷ್ಟು ಜನ ಇದ್ದರು. ಬ್ರಿಗೇಡ್ ರಸ್ತೆಯ ತುದಿಯಲ್ಲಿರುವ ಸೇಂಟ್ ಪ್ಯಾಟ್ರಿಕ್ ಚರ್ಚಿನ ಹೆಸರೇ ಅದನ್ನು ಹೇಳುತ್ತದೆ. ಪ್ಯಾಟ್ರಿಕ್ ಐರಿಷರ ಸಂತ. ಈ ಸಿಪಾಯಿಗಳಿಗೆ ಮಕ್ಕಳಾದರು. ಎಷ್ಟೋ ಮಕ್ಕಳ ತಾಯಂದಿರು ಇಲ್ಲಿಯವರೇ. ಆ ಮಕ್ಕಳಿಗೆ ಓದಿಸುವವರು ಯಾರು? ಪ್ರೊಟೆಸ್ಟೆಂಟ್ ಶಾಲೆಗೆ ಕಳಿಸಲು ಪಾದ್ರಿಗಳು ಒಪ್ಪುವವರಲ್ಲ. ಅಂಥ ಹೊತ್ತಿನಲ್ಲಿ, 1858ರಲ್ಲಿ, ಫ್ರಾನ್ಸಿನಿಂದ ಬಂದಿದ್ದ ಗುರುಗಳು ಸೇಂಟ್ ಜೋಸೆಫ್ ಶುರು ಮಾಡಿದರು. 1882ರಲ್ಲಿ ಅದಕ್ಕೆ ಕಾಲೇಜೂ ಸೇರಿತು. ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿತ್ತು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದೇ 1916ರಲ್ಲಿ ತಾನೇ?

ಇಲ್ಲಿಯವರೆಗೆ ಶಾಲೆ ಒಂದೇ. ಎರಡಾಗಿದ್ದು ಹೇಗೆ ಅನ್ನೋದಕ್ಕೆ 1881ಕ್ಕೆ ಹೋಗಬೇಕು. ಆ ವರ್ಷ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರು. ಆದರೆ ದಂಡನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆ ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರದು. 1947ರವರೆಗೂ ಹೀಗೇ ನಡೆಯಿತು. ಒಂದೇ ಊರು, ಎರಡು ಸರ್ಕಾರ, ಎರಡು ಕಾನೂನು. ಸೇಂಟ್ ಜೋಸೆಫ್ ದಂಡಿನಲ್ಲಿತ್ತು, ಹಾಗಾಗಿ ಬ್ರಿಟಿಷರ ನಿಯಮಕ್ಕೆ ಸೇರಿತು. ಅವರ ಶಿಕ್ಷಣ ನಿಯಮಾವಳಿಯಲ್ಲಿ ‘ಯುರೋಪಿಯನ್ ಶಾಲೆ’ ಅಂತ ಬೇರೆಯೇ ಒಂದು ಜಾತಿ. ಅದರ ಅನುದಾನ ಬೇರೆ, ಇನ್‌ಸ್ಪೆಕ್ಟರ್ ಬೇರೆ, ಪಠ್ಯ ಬೇರೆ. ಯಾರು ಯುರೋಪಿಯನ್ ಅನ್ನೋದನ್ನೂ ಬರೆದಿಟ್ಟಿದ್ದರು. ಪೂರ್ತಿಯೋ ಬೆರಕೆಯೋ, ಯುರೋಪಿನ ವಂಶದವನಾಗಿರಬೇಕು. ಜೊತೆಗೆ ಯುರೋಪಿನ ರೀತಿಯಲ್ಲೇ ಬದುಕುತ್ತಿರಬೇಕು. ಅಂದರೆ ಬಣ್ಣ ಎಷ್ಟೇ ಕಪ್ಪಗಿರಲಿ, ಮುತ್ತಾತ ಐರಿಷ್ ಆಗಿದ್ದು ಮನೆಯಲ್ಲಿ ಚಮಚ ಹಿಡಿದು ಉಂಡರೆ ಸಾಕು. ಕಾಟನ್‌ಪೇಟೆಯ ಹುಡುಗ ಎಷ್ಟೇ ಜಾಣನಾದರೂ ಆ ಲೆಕ್ಕಕ್ಕೆ ಬರುವುದಿಲ್ಲ.

1904ರಲ್ಲಿ ಭಾಗ ಆಯಿತು. ಒಂದು ಸೇಂಟ್ ಜೋಸೆಫ್ಸ್ ಯುರೋಪಿಯನ್ ಹೈಸ್ಕೂಲ್, ಇನ್ನೊಂದು ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್. ನಡೆಸುವವರು ಅದೇ ಗುರುಗಳು, ಪ್ರಾರ್ಥನೆ ಅದೇ, ಸಂತನೂ ಅವನೇ. ಗೇಟು ಮಾತ್ರ ಎರಡು. ಯುರೋಪಿಯನ್ ಶಾಲೆಗಳ ಹುಡುಗರು ಕೇಂಬ್ರಿಡ್ಜ್ ಪರೀಕ್ಷೆಗೆ ಕೂರುತ್ತಿದ್ದರು. ಉತ್ತರ ಪತ್ರಿಕೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ರಿಸಲ್ಟ್ ಬರಬೇಕು.

ಇದು ಸರ್ಕಾರದ ಅನುದಾನದ ನಿಯಮ, ಗುರುಗಳು ಏನು ಮಾಡೋಕಾಗುತ್ತಿತ್ತು ಅಂತ ಕೆಲವರು ಹೇಳುತ್ತಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆ ಇಲ್ಲ. ನಿಯಮ ಬರೆದವರು ಬ್ರಿಟಿಷರೇ. ಆದರೆ ಅದಕ್ಕೆ ತಕ್ಕ ಹಾಗೆ ಮಕ್ಕಳನ್ನು ಬೇರೆ ಮಾಡಿ ಕೂರಿಸಿದವರು ಶಾಲೆ ನಡೆಸುವವರು. ಹಾಗಂತ ಇಂಡಿಯನ್ ಶಾಲೆ ಏನೋ ಕಡಿಮೆ ದರ್ಜೆಯದು ಅಂತಲೂ ತಿಳಿಯಬೇಡಿ. ಪೇಟೆಯ ಕಡೆಯ ಎಷ್ಟೋ ಮನೆಗಳಿಗೆ ಅದು ಮೊದಲ ಇಂಗ್ಲಿಷ್ ಶಾಲೆ. ಅಲ್ಲಿಂದ ಕಾಲೇಜು, ಕಾಲೇಜಿನಿಂದ ಸರ್ಕಾರಿ ಕೆಲಸ. ನಿಮ್ಮ ತಾತ ಅಷ್ಟು ದೂರ ನಡೆದಿದ್ದು ಸುಮ್ನೆ ಅಲ್ಲ.

ನಕ್ಷೆ ತೆಗೆದು ನೋಡಿ, ತಮಾಷೆಯಾಗಿದೆ. ಮ್ಯೂಸಿಯಂ ರಸ್ತೆ ದಂಡಿನ ಒಳಗೆ ಇದೆ. ವಿಠ್ಠಲ್ ಮಲ್ಯ ರಸ್ತೆ ಕಬ್ಬನ್ ಪಾರ್ಕಿನ ಅಂಚಿಗೆ, ಪೇಟೆಗೆ ಹತ್ತಿರ. ಪಕ್ಕದಲ್ಲೇ ಸಂಪಂಗಿ ಕೆರೆ ಇತ್ತು, ಈಗ ಕಂಠೀರವ ಸ್ಟೇಡಿಯಂ ಇರುವ ಜಾಗ. ಪೇಟೆಯಿಂದ ಹೊರಟ ಹುಡುಗ ಕೆರೆ ಕಡೆಯಿಂದ ಬಂದು, ದಂಡಿನ ಒಳಕ್ಕೆ ಹೋಗದೆ ಬಾಗಿಲಲ್ಲೇ ನಿಂತ ಹಾಗೆ. ಈಗ ಒಂದು ಶಾಲೆಯಿಂದ ಇನ್ನೊಂದಕ್ಕೆ ಆರಾಮವಾಗಿ ನಡೆದು ಹೋಗಬಹುದು, ಟ್ರಾಫಿಕ್ಕಿನಲ್ಲಿ ಕಾರಿಗಿಂತ ಬೇಗ ತಲುಪುತ್ತೀರಿ.

ಸ್ವಾತಂತ್ರ್ಯ ಬಂದ ಮೇಲೆ ‘ಯುರೋಪಿಯನ್’ ಹೋಗಿ ಅದು ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲ್ ಆಯಿತು. ‘ಇಂಡಿಯನ್’ ಮಾತ್ರ ಇವತ್ತಿಗೂ ಹಾಗೇ ಇದೆ. ಇಡೀ ದೇಶವೇ ಇಂಡಿಯನ್ ಆಗಿರುವಾಗ ಒಂದು ಶಾಲೆಗೆ ಮಾತ್ರ ಆ ಬೋರ್ಡು! ಕೇಂಬ್ರಿಡ್ಜ್ ಪರೀಕ್ಷೆಯ ಜಾಗಕ್ಕೆ ಇಲ್ಲಿಯದೇ ಒಂದು ವ್ಯವಸ್ಥೆ ಬೇಕು ಅಂತ 1958ರಲ್ಲಿ ದೆಹಲಿಯಲ್ಲಿ ಒಂದು ಕೌನ್ಸಿಲ್ ಮಾಡಿದರು. ಈಗಿನ ಐಸಿಎಸ್‌ಇ ಅದರಿಂದ ಬಂದದ್ದು. ಮ್ಯೂಸಿಯಂ ರಸ್ತೆಯವರು ಆ ದಾರಿ ಹಿಡಿದರು. ಇಂಡಿಯನ್ ಶಾಲೆಯವರು ನಮ್ಮ ಎಸ್ಸೆಸ್ಸೆಲ್ಸಿ. 1904ರ ಗೆರೆ ಪೂರ್ತಿ ಅಳಿಸಿಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಎಲ್ಲಿದೆ ಸಾರ್? ಹುಡುಕಿ ಸಾಕಾಯ್ತು.
— ಕಾಲೇಜು ವಿದ್ಯಾರ್ಥಿ, ಯಲಹಂಕ

ಸಿಗಲ್ಲ ಬಿಡಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾಗಿದ್ದು ಆ ರಸ್ತೆಯಲ್ಲೇ. ಅದೂ ದಂಡಿನ ಹಳೇ ಜೈಲಿನ ಕಟ್ಟಡದಲ್ಲಿ. 1877ರಲ್ಲಿ ಅದನ್ನು ಈಗಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಸಾಗಿಸಿದರು. ಹೆಸರನ್ನು ಮಾತ್ರ ಯಾರೂ ಸಾಗಿಸಲಿಲ್ಲ.

ಸೇಂಟ್ ಜೋಸೆಫ್ ಕಟ್ಟಿದ್ದು ಫ್ರೆಂಚರೋ, ಜೆಸ್ವಿಟರೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಓದುಗರು, ದೊಮ್ಮಲೂರು

ಇಬ್ಬರೂ ಹೇಳೋದು ಸರಿ. ಕಟ್ಟಿದವರು ಎಂಇಪಿ ಅನ್ನೋ ಪ್ಯಾರಿಸ್ಸಿನ ಮಿಷನ್ ಸಂಸ್ಥೆಯ ಗುರುಗಳು. 1937ರಲ್ಲಿ ಅವರು ಶಾಲೆ, ಕಾಲೇಜು ಎರಡನ್ನೂ ಕ್ಯಾಥೊಲಿಕ್ ಗುರುಗಳ ಇನ್ನೊಂದು ಸಂಘವಾದ ಯೇಸುಸಭೆಯವರಿಗೆ, ಅಂದರೆ ಜೆಸ್ವಿಟರಿಗೆ, ಒಪ್ಪಿಸಿದರು. ಅಂದಿನಿಂದ ಅವರದೇ ಆಡಳಿತ.

ಇದರಲ್ಲಿ ಒಂದು ತಿರುವು ಇದೆ. ನಮ್ಮ ಕಡೆ ಮೊದಲು ಇದ್ದವರು ಜೆಸ್ವಿಟರೇ. 1773ರಲ್ಲಿ ಪೋಪ್ ಅವರ ಸಂಘವನ್ನೇ ರದ್ದು ಮಾಡಿದರು. ಖಾಲಿಯಾದ ಜಾಗಕ್ಕೆ ಫ್ರೆಂಚ್ ಗುರುಗಳು ಬಂದರು. ಅವರಲ್ಲಿ ಹೆಸರಾದವರು ಅಬ್ಬೆ ದ್ಯುಬುವಾ. ಟಿಪ್ಪು ಕಾಲವಾದ ಮೇಲೆ ಮೈಸೂರು ಸೀಮೆಯಲ್ಲಿ ಓಡಾಡಿದವರು, ಸಿಡುಬಿನ ಲಸಿಕೆಯನ್ನು ಜನ ಹಾಕಿಸಿಕೊಳ್ಳುವಂತೆ ಮಾಡಿದವರು. ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕದ ಮೂಲವೂ ಅವರ ಕಾಲದ್ದೇ. 1814ರಲ್ಲಿ ಯೇಸುಸಭೆಗೆ ಮತ್ತೆ ಜೀವ ಬಂತು. 1878ರ ಕೊನೆಗೆ ಅವರು ಮಂಗಳೂರಿಗೆ ಬಂದರು. 1880ರಲ್ಲಿ ಸೇಂಟ್ ಅಲೋಶಿಯಸ್ ತೆರೆದರು. ಶಾಲೆ-ಕಾಲೇಜು ನಡೆಸೋದರಲ್ಲಿ ಪಳಗಿದ ಕೈ. ಸುಮಾರು ಐವತ್ತೇಳು ವರ್ಷದ ಮೇಲೆ ಬೆಂಗಳೂರಿನ ಶಾಲೆಯೂ ಅವರಿಗೇ ಬಂತು. ಯಾರ ಜಾಗಕ್ಕೆ ಬಂದಿದ್ದರೋ ಅವರ ಕೈಗೇ ಫ್ರೆಂಚರು ಕೊಟ್ಟು ಹೋದ ಹಾಗಾಯಿತು.

ಬಿಷಪ್ ಕಾಟನ್, ಬಾಲ್ಡ್‌ವಿನ್ ಇವೂ ಕ್ಯಾಥೊಲಿಕ್ ಶಾಲೆಗಳಾ?
— ಗೃಹಿಣಿ, ವಿಜಯನಗರ

ಅಲ್ಲ. ಕಾಟನ್ 1865ರದು, ಆಂಗ್ಲಿಕನ್ನರದು. ಕಲ್ಕತ್ತೆಯ ಬಿಷಪ್ ಒಬ್ಬರ ಹೆಸರು ಅದು. ಮೊದಲ ಪತ್ರದ ಕಾಟನ್‌ಪೇಟೆಗೂ ಇದಕ್ಕೂ ಸಂಬಂಧ ಇಲ್ಲ. ಬಾಲ್ಡ್‌ವಿನ್ 1880ರದು, ಮೆಥಡಿಸ್ಟರದು. ಫ್ರೇಜರ್ ಟೌನ್ ಕಡೆಯ ಸೇಂಟ್ ಜರ್ಮೈನ್ಸ್ ಕ್ಯಾಥೊಲಿಕ್. ಹೆಸರಲ್ಲಿ ‘ಸೇಂಟ್’ ಇದ್ದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ, ಆಂಗ್ಲಿಕನ್ನರೂ ಸಂತರ ಹೆಸರು ಇಡುತ್ತಾರೆ.

ಇವರೆಲ್ಲ ಗಂಡುಮಕ್ಕಳಿಗೆ ಮಾತ್ರ ಶಾಲೆ ಕಟ್ಟಿದ್ದು ಯಾಕೆ? ಹೆಣ್ಣುಮಕ್ಕಳು ಲೆಕ್ಕಕ್ಕೇ ಇರಲಿಲ್ಲವೇ?
— ಶಿಕ್ಷಕಿ, ತುಮಕೂರು

ಇಲ್ಲಿ ನಿಮಗೆ ಖುಷಿಯಾಗುವ ಉತ್ತರ ಇದೆ. ಮೊದಲು ಬಂದದ್ದು ಹೆಣ್ಣುಮಕ್ಕಳ ಶಾಲೆ! ಫ್ರಾನ್ಸಿನ ಗುಡ್ ಶೆಪರ್ಡ್ ಸಭೆಯ ಸಿಸ್ಟರುಗಳು 1854ರಲ್ಲಿ ಬೆಂಗಳೂರಿಗೆ ಬಂದು ಶಾಲೆ ತೆರೆದರು. ಮ್ಯೂಸಿಯಂ ರಸ್ತೆಯ ಸೇಕ್ರೆಡ್ ಹಾರ್ಟ್ ಅದೇ. ಗಂಡುಹುಡುಗರ ಸರದಿ ಬರಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಗುರುಗಳು ಹುಡುಗರಿಗೆ, ಸಿಸ್ಟರುಗಳು ಹುಡುಗಿಯರಿಗೆ, ಇದು ಆ ಕಾಲದ ಪದ್ಧತಿ. ಅದೇ ಸಿಸ್ಟರುಗಳು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನೂ ಶುರು ಮಾಡಿದರು.

ಮಿಷನ್ ಶಾಲೆಗಳು ಕನ್ನಡವನ್ನು ಕೊಂದವು. ನೀವು ಅಲ್ಲೇ ಸಂಬಳ ತಿಂದವರು, ಇದಕ್ಕೆ ಉತ್ತರ ಕೊಡುತ್ತೀರೋ ಜಾರಿಕೊಳ್ಳುತ್ತೀರೋ?
— ಕನ್ನಡಾಭಿಮಾನಿ, ರಾಜಾಜಿನಗರ

ಜಾರಿಕೊಳ್ಳಲ್ಲ ಸ್ವಾಮಿ. ಸಂಬಳ ತಿಂದಿದ್ದೇನೆ, ಕನ್ನಡ ಕಲಿಸಿಯೇ ತಿಂದಿದ್ದೇನೆ.

ಮೊದಲು ಹಳೇ ಕಾಲದ್ದು. ಕಿಟ್ಟೆಲ್ ನಿಘಂಟು ಎಲ್ಲರಿಗೂ ಗೊತ್ತು, 1894ರದು, ಬಾಸೆಲ್ ಮಿಷನ್ನಿನವರದು. ಅದಕ್ಕಿಂತ ಮೂವತ್ತಮೂರು ವರ್ಷ ಮುಂಚೆ, 1861ರಲ್ಲಿ, ಬೆಂಗಳೂರಿನಲ್ಲೇ ಫ್ರೆಂಚ್ ಗುರುಗಳು ಒಂದು ಲ್ಯಾಟಿನ್-ಕನ್ನಡ ನಿಘಂಟು ಅಚ್ಚು ಹಾಕಿಸಿದ್ದರು ಅಂದರೆ ನಂಬುತ್ತೀರಾ? ಆಗ ಇಲ್ಲಿ ಧರ್ಮಾಧ್ಯಕ್ಷರಾಗಿದ್ದವರು ಶಾರ್ಬೊನೊ. ಲ್ಯಾಟಿನ್ ಯಾಕೆ ಅಂದರೆ, ಅದು ಗುರುಗಳ ಸಮಾನ ಭಾಷೆ. ಇಲ್ಲಿಯ ಹುಡುಗರನ್ನೇ ಗುರುಗಳನ್ನಾಗಿ ತಯಾರು ಮಾಡಬೇಕು ಅನ್ನೋದು ಎಂಇಪಿಯವರ ಮುಖ್ಯ ಗುರಿ. ಆ ಹುಡುಗರಿಗೆ ಲ್ಯಾಟಿನ್ ಬೇಕು, ಫ್ರಾನ್ಸಿನಿಂದ ಬಂದವರಿಗೆ ಕನ್ನಡ ಬೇಕು. ಹಳ್ಳಿಗಳಲ್ಲಿ ಓಡಾಡಿದ ಗುರುಗಳಿಗೆ ಕನ್ನಡ ಇಲ್ಲದೆ ಒಂದು ದಿನ ನಡೆಯುತ್ತಿರಲಿಲ್ಲ.

ದಂಡಿನಲ್ಲಿ ಕಥೆ ಬೇರೆ. ಅಲ್ಲಿ ಕ್ಯಾಥೊಲಿಕರಲ್ಲಿ ತಮಿಳರು ಜಾಸ್ತಿ, ಮೇಲೆ ಇಂಗ್ಲಿಷ್. ಯುರೋಪಿಯನ್ ಶಾಲೆಯಲ್ಲಿ ಕನ್ನಡಕ್ಕೆ ಜಾಗ ಎಲ್ಲಿಂದ ಬರಬೇಕು? ಅಲ್ಲಿ ಓದುವ ಹುಡುಗ ಮುಂದೆ ರೈಲ್ವೆಗೋ ತಂತಿ ಇಲಾಖೆಗೋ ಸೇರುವವನು. ಈ ಮಟ್ಟಿಗೆ ನಿಮ್ಮ ಸಿಟ್ಟು ಸರಿ. ಊರಿನ ನಡುವೆ ಇದ್ದು ಊರಿನ ಭಾಷೆಗೆ ಬೆನ್ನು ತೋರಿಸಿದ ಶಾಲೆಗಳು ಅವು.

ಈಗ ನನ್ನ ಕಾಲದ್ದು. ನಾನಿದ್ದ ಶಾಲೆಯ ಹೆಸರು ಬೇಡ. ಟೈಮ್‌ಟೇಬಲ್ಲಿನಲ್ಲಿ ಕನ್ನಡ ಪೀರಿಯಡ್ ಯಾವಾಗಲೂ ಊಟದ ನಂತರ. ಹಾಕಿ ಟೂರ್ನಮೆಂಟ್ ಬಂದರೆ ಪ್ರಾಕ್ಟೀಸಿಗೆ ಕರೆದುಕೊಂಡು ಹೋಗುವುದು ನನ್ನ ಕ್ಲಾಸಿನಿಂದಲೇ. ಗಣಿತದಿಂದ ಒಬ್ಬನನ್ನೂ ಕರೆಯುತ್ತಿರಲಿಲ್ಲ. ಪುಸ್ತಕ ತೆರೆದರೆ ಪದ್ಯದ ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಇಂಗ್ಲಿಷ್ ಅಕ್ಷರ. ‘ಹಚ್ಚೇವು’ ಅನ್ನೋದನ್ನು ಇಂಗ್ಲಿಷ್‌ನಲ್ಲಿ ಬರೆದುಕೊಂಡು ಓದಿದರೆ ಹೇಗಿರುತ್ತೆ ಅಂತ ಕಲ್ಪಿಸಿಕೊಳ್ಳಿ. ಒತ್ತಕ್ಷರ ಬಂತೆಂದರೆ ಬೆಂಚಿನ ಕೆಳಗೆ ತಲೆ. ಅದೇ ಕ್ಲಾಸಿನಲ್ಲಿ ಮಾರ್ವಾಡಿ ಹುಡುಗನೊಬ್ಬ ಇದ್ದ. ಚಿಕ್ಕಪೇಟೆಯಲ್ಲಿ ಅವರ ಅಂಗಡಿ. ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಕನ್ನಡ ನೀರು ಕುಡಿದಷ್ಟು ಸಲೀಸಾಗಿತ್ತು. ‘ಹ’ಕಾರ ‘ಅ’ಕಾರ ಅದಲು ಬದಲು ಮಾಡದೆ ಓದುತ್ತಿದ್ದವನು ಅವನೊಬ್ಬನೇ. ಅಪ್ಪಟ ಕನ್ನಡದ ಮನೆಯ ಹುಡುಗರು ಅವನ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದರು.

ಪೇರೆಂಟ್ಸ್ ಮೀಟಿಂಗಿಗೆ ಬನ್ನಿ. ಬಸವನಗುಡಿ, ಜಯನಗರದಿಂದ ಬಂದ ಅಪ್ಪ-ಅಮ್ಮ ನನ್ನ ಹತ್ತಿರ ಇಂಗ್ಲಿಷ್‌ನಲ್ಲಿ ಕೇಳೋರು, ಕನ್ನಡದ ಬದಲು ಫ್ರೆಂಚ್ ಕೊಡಿಸೋಕಾಗುತ್ತಾ, ಮಾರ್ಕ್ಸ್ ಚೆನ್ನಾಗಿ ಬರುತ್ತಂತೆ ಅಂತ. ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಅವರು ಮತ್ತೆ ಇಂಗ್ಲಿಷ್‌ನಲ್ಲಿ. ಯಾವ ಫಾದರೂ ಅವರಿಗೆ ಹಾಗೆ ಮಾತಾಡಿ ಅಂತ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಕೊಲೆ ಆಪಾದನೆ ಹೊರಿಸುವಾಗ ಆರೋಪಿಗಳ ಪಟ್ಟಿ ಸ್ವಲ್ಪ ದೊಡ್ಡದು ಮಾಡಿ. 1982ರ ಗೋಕಾಕ್ ಚಳವಳಿ ಆದಾಗ ಸ್ಟಾಫ್ ರೂಮಿನಲ್ಲಿ ಸ್ವಲ್ಪ ದಿನ ನನಗೆ ಎದ್ದು ನಿಂತು ಕುರ್ಚಿ ಕೊಟ್ಟರು. ಆಮೇಲೆ ಎಂದಿನಂತೆ. ಈಗ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ, ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಕಲಿಸಲೇಬೇಕು ಅನ್ನುತ್ತೆ. ಊಟದ ನಂತರದ ಪೀರಿಯಡ್ಡಿಗೆ ಕಾಯ್ದೆ ಏನೂ ಹೇಳಿಲ್ಲ.

ಈ ಶಾಲೆಗಳಲ್ಲಿ ಎಲ್ಲರಿಗೂ ಬೈಬಲ್ ಪಾಠ ಕಡ್ಡಾಯವೇ? ಮೊಮ್ಮಗನನ್ನು ಸೇರಿಸಬೇಕು ಅಂತಿದ್ದೇವೆ.
— ಅಜ್ಜಿ, ಹನುಮಂತನಗರ

ಹೆದರಬೇಡಿ ಅಮ್ಮ. ನಾನಿದ್ದಲ್ಲಿ ಗಂಟೆ ಹೊಡೆದ ತಕ್ಷಣ ಕ್ಲಾಸು ಎರಡಾಗುತ್ತಿತ್ತು. ಕ್ಯಾಥೊಲಿಕ್ ಹುಡುಗರು ಧರ್ಮೋಪದೇಶದ ಪುಸ್ತಕ ಹಿಡಿದು ಇನ್ನೊಂದು ಕೋಣೆಗೆ. ಉಳಿದವರಿಗೆ ಮಾರಲ್ ಸೈನ್ಸ್. ಸುಳ್ಳು ಹೇಳಬಾರದು, ಬಿದ್ದಿರುವ ಪರ್ಸ್ ಸಿಕ್ಕರೆ ವಾಪಸ್ ಕೊಡಬೇಕು, ಇಂಥವು. ನನಗೂ ಆ ಕ್ಲಾಸು ಎಷ್ಟೋ ಸಲ ವಹಿಸುತ್ತಿದ್ದರು, ಪಂಚತಂತ್ರದ ಕಥೆ ಹೇಳಿ ಮುಗಿಸುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಕಾನೂನೂ ನಿಮ್ಮ ಕಡೆಗಿದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಇರುವ ಶಾಲೆ ಯಾವ ಮಗುವನ್ನೂ ಮನೆಯವರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ ಕೂರಿಸುವ ಹಾಗಿಲ್ಲ, ಸಂವಿಧಾನದ 28ನೇ ವಿಧಿ. ಸೀಟು ಸಿಗುತ್ತಾ ಅನ್ನೋದಕ್ಕೆ ಬೇಕಾದರೆ ಚಿಂತೆ ಮಾಡಿ.

ಹಳೇ ವಿದ್ಯಾರ್ಥಿಯ ದಾಖಲೆ ಹುಡುಕಬೇಕಾದರೆ ಎಲ್ಲಿಂದ ಶುರು ಮಾಡಬೇಕು?
— ವಂಶವೃಕ್ಷ ಬರೆಯುತ್ತಿರುವ ಓದುಗರು, ಮೈಸೂರು

ಶಾಲೆಯ ಪ್ರಿನ್ಸಿಪಾಲರಿಗೆ ಪತ್ರ ಬರೆಯಿರಿ, ಫೋನ್ ಬೇಡ. ಫೋನಿನಲ್ಲಿ ಕೇಳಿದರೆ ಆಫೀಸಿನವರು ನೋಡ್ತೀವಿ ಅಂತಾರೆ, ಅಲ್ಲಿಗೆ ಮುಗೀತು. ಅಡ್ಮಿಷನ್ ರಿಜಿಸ್ಟರ್ ಸೇರಿದ ಕ್ರಮದಲ್ಲಿರುತ್ತೆ, ಅಕ್ಷರದ ಕ್ರಮದಲ್ಲಲ್ಲ. ಹಾಗಾಗಿ ಸೇರಿದ ವರ್ಷ ಅಂದಾಜಾದರೂ ಕೊಡಬೇಕು. ತಂದೆಯ ಹೆಸರಿನ ಜಾಗದಲ್ಲಿ ಮಾವನ ಹೆಸರೋ ಚಿಕ್ಕಪ್ಪನ ಹೆಸರೋ ಇರಬಹುದು. ಹಳ್ಳಿಯಿಂದ ಬಂದು ನೆಂಟರ ಮನೆಯಲ್ಲಿದ್ದು ಓದಿದವರೇ ಹೆಚ್ಚು. ಹುಟ್ಟಿದ ತಾರೀಖನ್ನು ನಂಬಬೇಡಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದಹಬ್ಬ. ಇಂಗ್ಲಿಷ್ ಕಾಗುಣಿತವನ್ನಂತೂ ನಾಲ್ಕಾರು ರೀತಿಯಲ್ಲಿ ಹುಡುಕಿಸಬೇಕು.

ಮನೆತನ ಕ್ಯಾಥೊಲಿಕ್ ಆಗಿದ್ದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಇನ್ನೂ ಒಳ್ಳೆಯದು. ಹಳೆಯವು ಲ್ಯಾಟಿನ್‌ನಲ್ಲಿರುತ್ತವೆ. ಜೋಸೆಫ್ ಅಲ್ಲಿ ಜೋಸೆಫುಸ್ ಆಗಿರುತ್ತಾನೆ, ಗಾಬರಿಯಾಗಬೇಡಿ. ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಗಿದ್ದು 1940ರಲ್ಲಿ, ಅದಕ್ಕೆ ಮುಂಚೆ ಎಲ್ಲವೂ ಮೈಸೂರು ಧರ್ಮಪ್ರಾಂತ್ಯವೇ. ನೀವು ಮೈಸೂರಿನವರು, ಅಲ್ಲೂ ವಿಚಾರಿಸಿ ನೋಡಿ. ಪಾಠ ಹೇಳಿದ ಫ್ರೆಂಚ್ ಗುರುಗಳ ವಿವರ ಬೇಕಿದ್ದರೆ ಎಂಇಪಿಯವರ ಪ್ಯಾರಿಸ್ ಸಂಗ್ರಹದಲ್ಲಿ ಒಬ್ಬೊಬ್ಬರ ಜೀವನವನ್ನೂ ಬರೆದಿಟ್ಟಿದ್ದಾರೆ, ಇಂಟರ್ನೆಟ್‌ನಲ್ಲೇ ಸಿಗುತ್ತೆ. ಫ್ರೆಂಚ್ ಬರಬೇಕು ಅಷ್ಟೆ. ಕನ್ನಡದ ಬದಲು ಫ್ರೆಂಚ್ ತೆಗೆದುಕೊಂಡ ನನ್ನ ಹುಡುಗರು ಯಾರಾದರೂ ಸಿಕ್ಕರೆ ಕೇಳಿ.

ರಾಹುಲ್ ದ್ರಾವಿಡ್ ಓದಿದ್ದು ಯಾವ ಸೇಂಟ್ ಜೋಸೆಫ್? ನನಗೂ ನಮ್ಮ ಭಾವನಿಗೂ ಪಂದ್ಯ ಕಟ್ಟಿದೆ.
— ಕ್ರಿಕೆಟ್ ಪ್ರೇಮಿ, ಹಾಸನ

ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲ್, ಮ್ಯೂಸಿಯಂ ರಸ್ತೆ. ಡಿಗ್ರಿ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ. ನೀವು ಇಂಡಿಯನ್ ಶಾಲೆ ಅಂದಿದ್ದರೆ ಭಾವನಿಗೆ ದುಡ್ಡು ಕೊಟ್ಟುಬಿಡಿ.